ಪರ್ಮನೆಂಟ್ ಕೆಲ್ಸ ಬಿಟ್ಟು ಎಚ್‌ಎಎಲ್ 4 ವರ್ಷದ ಟೆನ್ಯೂರ್ ಪೋಸ್ಟಿಗೆ ಹೋಗಬೇಕೋ ಬ್ಯಾಡೋ?

ಉಣಕಲ್_ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ನನ್ನ ತಮ್ಮಂದು ಡಿಪ್ಲೊಮಾ ಮೆಕ್ಯಾನಿಕಲ್ ಆಗೇತಿ, ಧಾರವಾಡ ಕಡೆ ಒಂದು ಫ್ಯಾಕ್ಟರಿದಾಗ 3 ವರ್ಷದಿಂದ ಅದಾನ, ಹೋದ ವರ್ಷ ಪರ್ಮನೆಂಟ್ ಮಾಡ್ಯಾರ. ಈಗ ಬೆಂಗ್ಳೂರು ಎಚ್‌ಎಎಲ್‌ದಾಗ (ವಿಮಾನ, ಹೆಲಿಕಾಪ್ಟರ್ ಮಾಡೂ ಸರ್ಕಾರಿ ಕಂಪ್ನಿ) ಟೆನ್ಯೂರ್ ಬೇಸಿಸ್ ಪೋಸ್ಟಿಗೆ ಪರೀಕ್ಷಾ ಬರದಿದ್ದ, ಲಿಸ್ಟಿನ್ಯಾಗ ಹೆಸ್ರು ಬಂದೈತಿ, ಆದ್ರ 4 ವರ್ಷ ಅಷ್ಟ. ಅಪ್ಪ ಸೆಂಟ್ರಲ್ ಗೌರ್ಮೆಂಟ್ ಕಂಪ್ನಿ ಕಣ್ಮುಚ್ಚಿ ಹೋಗು ಅಂತಾನ, ಅವ್ವ 4 ವರ್ಷದ ಕೆಲ್ಸಕ್ಕ ಕನ್ಯಾ ಯಾರು ಕೊಡ್ತಾರ ಅಂತಾಳ. ನಂಗ ತಿಳೀಲಾರದ್ದು ಏನಂದ್ರ, ಟಿವಿಯಾಗ ನೋಡಿದ್ರ 60 ಸಾವಿರ ಕೋಟಿ ಆರ್ಡರ್ ಬಂತು ಅಂತಾರ, ಅಷ್ಟು ರೊಕ್ಕ ಇದ್ರ ಹುಡುಗುರನ್ನ ಕಾಯಂ ಯಾಕ ತಗೊಳಂಗಿಲ್ಲ? ಈ ಲೈನಿನ್ಯಾಗ ಇದ್ದವ್ರು ಸ್ವಲ್ಪ ಹೇಳ್ರಿ.

ಮಾಳಮಡ್ಡಿ_ರಿಟೈರ್ಡ್:
ತಮ್ಮಾ, ಆರ್ಡರ್ ಬಂತು ಅಂದ್ರ ರೊಕ್ಕ ಬಂತು ಅಂತ ಅಲ್ಲ, ಅದನ್ನ ಮೊದ್ಲು ತಲ್ಯಾಗಿಂದ ತಗದು ಹಾಕು. ನಾನು ಬೆಂಗ್ಳೂರಾಗ ಇದೇ ಲೈನಿನ್ಯಾಗ 31 ವರ್ಷ ದುಡದು ಬಂದೀನಿ. ಅಡ್ವಾನ್ಸ್ ಸ್ವಲ್ಪ ಬರ್ತೈತಿ, ಮುಂದ ಇಂಥಾ ಕೆಲ್ಸ ಮುಗಿಸಿದ್ರ ಇಷ್ಟು ಅಂತ ಕಂತು, ಉಳಿದದ್ದು ವಿಮಾನ ಕೈಗೆ ಕೊಟ್ಟ ಮ್ಯಾಲ. ಆ ಕಂತು ಬರೂದು ವಾಯುಪಡೆಯ ಆ ವರ್ಷದ ಬಜೆಟ್ಟಿನಿಂದ, ಅಲ್ಲಿ ಕೈ ಬಿಗಿ ಆದ್ರ ಇಲ್ಲಿ ಬಿಲ್ಲು ಬಾಕಿ. 2019 ಜನವರಿ ನೆನಪೈತೇನು? ಕಂಪ್ನಿ ಕೈಯಾಗ ಆರ್ಡರ್ ಇದ್ವು, ಆದ್ರ ಸೇನಾಪಡೆಗಳು, ಅದ್ರಾಗೂ ಹೆಚ್ಚಾಗಿ ವಾಯುಪಡೆ, ಕೊಡಬೇಕಾದ ಬಾಕಿ 15 ಸಾವಿರ ಕೋಟಿ ದಾಟಿ ಹೋಗಿತ್ತು, ಪಗಾರ ಕೊಡಾಕ ಸಾವಿರ ಕೋಟಿ ಹತ್ತತ್ರ ಸಾಲ ಎತ್ತಿದ್ರು. ಅದಕ್ಕೂ ಮೊದ್ಲು ಸರ್ಕಾರನ ಡಿವಿಡೆಂಡ್, ಬೈಬ್ಯಾಕ್ (ಸರ್ಕಾರದ ಷೇರನ್ನ ಕಂಪ್ನಿನ ರೊಕ್ಕ ಕೊಟ್ಟು ವಾಪಸ್ ತಗೊಳ್ಳೂದು) ಅಂತ ಕಂಪ್ನಿ ಗಂಟಿಗೆ ಕೈ ಹಾಕಿತ್ತು. ಅಂದ್ರ ಗಿರಾಕಿನೂ ಅವನ, ಮಾಲಕನೂ ಅವನ, ಬಾಕಿ ಇಟ್ಟವನೂ ಅವನ! ಹೇಳೂದು ಯಾರಿಗೆ. ಪಗಾರ ತಪ್ಪಲಿಲ್ಲ, ಅದು ಬ್ಯಾರೆ ಮಾತು.

ಈಗ ಪರಿಸ್ಥಿತಿ ಹಂಗಿಲ್ಲ. 2021ರಾಗ 83 ತೇಜಸ್ ಮಾರ್ಕ್ 1ಎ ಫೈಟರ್ ವಿಮಾನ, 2025ರಾಗ ಇನ್ನೂ 97 ತೇಜಸ್ ಮತ್ತ 156 ಪ್ರಚಂಡ ಹೆಲಿಕಾಪ್ಟರ್. 5-6 ವರ್ಷ ಕೆಲ್ಸಕ್ಕ ಬರ ಇಲ್ಲ. ಆದ್ರ ಇದು ಗುಡ್ಡ ಹತ್ತಿ ಇಳಿದಂಗ, ಆರ್ಡರ್ ಮುಗಿದ ದಿನ ಅಷ್ಟು ಕೈ ಬೇಕಾಗೂದಿಲ್ಲ, ಅದಕ್ಕ ಟೆನ್ಯೂರ್ ಅಂತ ಮಾಡ್ಯಾರ, ನಿನ್ನ ಪ್ರಶ್ನೆಗೆ ಉತ್ರ ಅಷ್ಟ.

ತಾರಿಹಾಳ_ಟರ್ನರ್:
ಅಜ್ಜಾರು ಮ್ಯಾಲಿಂದ ಹೇಳಿದ್ರು, ನಾ ಕೆಳಗಿಂದ ಹೇಳ್ತೀನಿ. ನಂದು 6 ಮಷಿನಿನ ಸಣ್ಣ ಶಾಪು, ಒಬ್ಬ ದೊಡ್ಡ ಸಪ್ಲಾಯರ್ ಕಡಿಂದ ಜಾಬ್ ವರ್ಕ್ ತಗೊಂಡು ಬುಷ್, ಬ್ರಾಕೆಟ್ ಮಾಡಿಕೊಡ್ತೀವಿ. ತೇಜಸ್ ಇಂಜಿನ್ ಅಮೆರಿಕಾದ ಜಿಇ ಕಂಪ್ನಿಯಿಂದ ಬರಬೇಕು, 2021ರಾಗ 99 ಇಂಜಿನ್ ಆರ್ಡರ್ ಕೊಟ್ರು, ಮೊದಲ್ನೇದು ಬಂದಿದ್ದು 2025 ಮಾರ್ಚಿಗೆ. ನೀವು ಪೇಪರ್‌ನ್ಯಾಗ ಇಂಜಿನ್ ತಡ ಅಂತ ಓದಿ ಪುಟ ತಿರವತೀರಿ, ಇಲ್ಲಿ ತಾರಿಹಾಳದಾಗ ನಮ್ಮ ಹುಡುಗ್ರ ಓಟಿ ಹೋಗ್ತದ. ಬಾಡಿ ರೆಡಿ ಆಗಿ ನಿಂತಿದ್ರ ಮುಂದಿನ ಬ್ಯಾಚಿನ ಪಾರ್ಟ್ ಯಾರು ತಗೋತಾರ್ರಿ, ಹೋಲ್ಡ್ ಅಂತ ಒಂದು ಮೇಲ್ ಬರ್ತದ, ಇಲ್ಲಿ ನಾನು ಮಷಿನ್ ಲೋನಿನ ಕಂತು ಕಟ್ಕೊಂತ ಕುಂತಿರ್ತೀನಿ. ಹಿಂಗ ಕಾಯೂ ಹೊತ್ತಿನ್ಯಾಗ ಇಬ್ರು ಒಳ್ಳೆ ಆಪರೇಟರ್ ಬಿಟ್ಟು ಹೋದ್ರು, ಅವ್ರನ್ನ ಬೈಯಾಕೂ ಬಾಯಿ ಬರಲಿಲ್ಲ.

ಆದ್ರೂ ನಾ ಹೋಗ್ಲಿ ಅಂತೀನಿ. ಯಾಕಂದ್ರ ಏರೋಸ್ಪೇಸ್ ಶಾಪಿನ್ಯಾಗ ಕಲಿಯೂ ಶಿಸ್ತು ಬ್ಯಾರೆ. ಒಂದು ಬ್ರಾಕೆಟ್ಟಿಗೆ ಅದು ಯಾವ ಹೀಟ್ ನಂಬರಿನ (ಲೋಹ ಕರಗಿಸಿದ ಬ್ಯಾಚಿನ ನಂಬರ್) ರಾಡಿನಿಂದ ಬಂತು ಅನ್ನೂದ್ರಿಂದ ಹಿಡದು ಕಾಗದ ಇರಬೇಕು. ಫೈವ್ ಆ್ಯಕ್ಸಿಸ್ ಮಷಿನ್, ಸಿಎಂಎಂ (ಪಾರ್ಟಿನ ಅಳತಿ ನೋಡೂ ಮಷಿನ್), ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್ (ಮೊದಲ್ನೇ ಪಾರ್ಟಿನ ಪೂರಾ ತಪಾಸಣಿ) ಗೊತ್ತಿದ್ದ ಹುಡುಗ ಸಿಕ್ರ ನಾನ ಹಾರ ಹಾಕಿ ಕರ್ಕೋತೀನಿ, ಇಲ್ಲಂದ್ರ ಬೆಳಗಾವಿ ಹತ್ತರಗಿದಾಗ ಏರ್‌ಬಸ್ಸಿಗೆ ಪಾರ್ಟ್ ಮಾಡ್ತಾರ, ಅದಕ್ಕ ದಿಲ್ಲಿ ಬಜೆಟ್ಟಿನ ಹಂಗಿಲ್ಲ.

ಗದಗ_ಹುಡುಗಿ:
ನಾ ಒಪ್ಪೂದಿಲ್ಲ. ಕೈಯಾಗಿನ ಪರ್ಮನೆಂಟ್ ಬಿಡಬ್ಯಾಡ್ರಿ. ನಾನು ಬೆಂಗ್ಳೂರಾಗ ಒಂದು ರಿಸರ್ಚ್ ಲ್ಯಾಬಿನ್ಯಾಗ ಪ್ರಾಜೆಕ್ಟ್ ಸ್ಟಾಫ್ ಆಗಿದ್ದೆ, ಆರ್ಡರ್ ಕಾಪಿಯಾಗ ಕೋ-ಟರ್ಮಿನಸ್ ಅಂತ ಒಂದು ಪದ ಇರ್ತದ, ಪ್ರಾಜೆಕ್ಟ್ ಸತ್ರ ನೀನೂ ಹೋದಿ ಅಂತ ಅರ್ಥ. ಪ್ರತಿ ಮಾರ್ಚ್ ಬಂದ್ರ ಎಕ್ಸ್‌ಟೆನ್ಷನ್ ಬಂತೇನು ಅಂತ ಎಲ್ಲಾರೂ ಅಕೌಂಟ್ಸ್ ಬಾಗ್ಲಾ ಕಾಯೂದು. ನಮ್ಮ ದೇಶದಾಗ ಮಾಡಾಕ ಹತ್ತಿದ್ದ ಸರಸ್ ಅನ್ನೋ ಸಣ್ಣ ಪ್ಯಾಸೆಂಜರ್ ವಿಮಾನದ ಕಥಿ ನೋಡ್ರಿ, 2009 ಮಾರ್ಚ್‌ನ್ಯಾಗ ಬಿಡದಿ ಹತ್ರ ಬಿದ್ದು ವಾಯುಪಡೆಯ 3 ಮಂದಿ ತೀರಿಕೊಂಡ್ರು, ಆಮ್ಯಾಲೆ ಫಂಡೂ ನಿಂತು ಪ್ರಾಜೆಕ್ಟ್ ಮೂಲಿಗೆ ಬಿತ್ತು, ಮತ್ತ ಹಾರಿದ್ದು 2018 ಜನವರಿಗೆ. ನಡುವಿನ ವರ್ಷ ಅದನ್ನ ನಂಬಿ ಕುಂತವ್ರು ಏನು ತಿನ್ನಬೇಕಿತ್ತು? ನಮ್ಮಲ್ಲಷ್ಟ ಹಿಂಗಿಲ್ಲ, 2024 ಫೆಬ್ರವರಿಯಾಗ ನಾಸಾದ ಜೆಪಿಎಲ್ ಲ್ಯಾಬಿನ್ಯಾಗ 530 ಮಂದಿನ್ನ ಮನಿಗೆ ಕಳಿಸಿದ್ರು, ಮಂಗಳದ ಮಣ್ಣು ತರೂ ಪ್ರಾಜೆಕ್ಟಿಗೆ ಎಷ್ಟು ಕೊಡಬೇಕು ಅನ್ನೂದು ಅವ್ರ ಸಂಸತ್ತಿನ್ಯಾಗ ಇನ್ನೂ ತೀರ್ಮಾನ ಆಗಿರ್ಲಿಲ್ಲ.

ರಾಣೆಬೆನ್ನೂರ_ಗಿರ್ಮಿಟ್:
ನಮ್ಮಪ್ಪನ ಕೈಯಾಗ ಇನ್ನೂ ಎಚ್‌ಎಂಟಿ ವಾಚ್ ಐತಿ, ಕೀ ಕೊಟ್ರ ಓಡ್ತೈತಿ. ಆ ವಾಚ್ ಕಂಪ್ನಿಗೆ 2016ರಾಗ ಕೇಂದ್ರ ಸರ್ಕಾರನ ಬೀಗ ಹಾಕಾಕ ಒಪ್ಪಿಗಿ ಕೊಡ್ತು. ಸೆಂಟ್ರಲ್ ಗೌರ್ಮೆಂಟ್ ಅನ್ನೋ ನಿಮ್ಮಪ್ಪಗ ಇದನ್ನೂ ಹೇಳ್ರಿ 😀

ಮಾಳಮಡ್ಡಿ_ರಿಟೈರ್ಡ್:
ವಾಚ್ ಬ್ಯಾರೆ ಕಂಪ್ನಿದು ತಗೋಬಹುದು, ಫೈಟರ್ ವಿಮಾನದ ಕಥಿ ಅಷ್ಟು ಹಗರಿಲ್ಲ. ಎಚ್‌ಟಿಟಿ-40 ಟ್ರೇನರ್ ವಿಮಾನ ಬ್ಯಾಡ ಅಂತ ವಾಯುಪಡೆ 2012ರಾಗ ಸ್ವಿಸ್ ಪಿಲಾಟಸ್ 75 ತಗೊಂತು. ಎಚ್‌ಎಎಲ್ ಬಿಡಲಿಲ್ಲ, ಸ್ವಂತ ಗಂಟಿನ್ಯಾಗ ಅದನ್ನ ಮಾಡಿ ಹಾರಿಸ್ತು, 2023ರಾಗ ಅದೇ ವಾಯುಪಡೆ 70 ವಿಮಾನಕ್ಕ 6,800 ಕೋಟಿ ಮ್ಯಾಲ ಆರ್ಡರ್ ಕೊಡ್ತು. ಗಂಟು ಇದ್ದಾಗ ಮಾತ್ರ ಇಂಥಾ ಹಟ ನಡೀತೈತಿ ಅನ್ನೂದೂ ಖರೇನ.

ಇರ್ಲಿ, ಮುಖ್ಯ ಮಾತು ಯಾರೂ ಕೇಳಲಿಲ್ಲ. ತಮ್ಮಗ ಯಾವ ಡಿವಿಷನ್? ಹೊಸಾ ವಿಮಾನ ಜೋಡಿಸೂ ಲೈನೋ, ಓವರ್‌ಹಾಲೋ (ಬಿಚ್ಚಿ ರಿಪೇರಿ ಮಾಡಿ ಕೊಡೂದು)? ಜೋಡಿಸೂದು ಆರ್ಡರ್ ಇದ್ದಷ್ಟ ದಿನ, ಆದ್ರ ಹಾರೂ ವಿಮಾನ ಇರೂತನಕ ರಿಪೇರಿ ಇದ್ದ ಇರ್ತೈತಿ, ಕಂಪ್ನಿ ಗಳಿಕಿಯಾಗ ದೊಡ್ಡ ಪಾಲು ಅದ. ಓವರ್‌ಹಾಲ್ ಆದ್ರ 4 ವರ್ಷ ಮುಗಿದ ಮ್ಯಾಲೂ ಆ ಕೈಗೆ ಎಲ್ಲೋ ಒಂದು ಕಡೆ ಬೆಲಿ ಸಿಗ್ತೈತಿ.

ಉಣಕಲ್_ಹುಡುಗ:
ಅಜ್ಜಾರ, ಈಗ ಫೋನ್ ಮಾಡಿ ಕೇಳಿದೆ, ಇಂಜಿನ್ ಓವರ್‌ಹಾಲ್ ಅಂತ. ಅದನ್ನ ಅವ ಇಷ್ಟು ದಿನ ಹೇಳೇ ಇರ್ಲಿಲ್ಲ, ನಾವೂ ಕೇಳಿರ್ಲಿಲ್ಲ. ಈಗಿನ ಫ್ಯಾಕ್ಟರಿದಾಗ ಲೀವ್ ಅಥವಾ ಲೀನ್ (ಹಳೇ ಕೆಲ್ಸದ ಹಕ್ಕು ಇಟ್ಕೊಂಡು ಬ್ಯಾರೆ ಕಡೆ ಹೋಗೂದು) ಅಂತ ಏನರ ಕೊಡ್ತಾರೇನು ಸೋಮವಾರ ವಿಚಾರ್ಸ್ತಾನಂತ, ನಂಗೇನೂ ಕೊಡ್ತಾರ ಅನ್ಸೂದಿಲ್ಲ. ಗದಗ ಅಕ್ಕಾರ ಮಾತು ಅವ್ವಗ ಓದಿ ಹೇಳಿದೆ, ಈ ಹುಡುಗಿ ಯಾರು ಭಾಳ ಶಾಣ್ಯಾ ಅದಾಳ, ಅವರ ಮನಿ ಎಲ್ಲೈತಿ ಕೇಳು ಅಂದ್ಲು 🙏