ಅಮೆರಿಕದಿಂದ ಮೈಸೂರಿಗೆ ಅಂಚೆಯಲ್ಲಿ ಚೆಕ್: ಕಳೆಯದೆ, ವಾಪಸಾಗದೆ ತಲುಪಿಸುವುದು ಹೇಗೆ?

ಟೆಕ್ಸಾಸ್_ಬಿಸಿಲು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಗೃಹ ನಿರ್ಮಾಣ ಸಹಕಾರ ಸಂಘವೊಂದಕ್ಕೆ ಸೈಟಿನ ಎರಡನೇ ಕಂತು 3,60,000 ರೂಪಾಯಿ ಕಟ್ಟಬೇಕು. ಕೊನೆಯ ದಿನಕ್ಕೆ ಇನ್ನು ಏಳು ವಾರ ಇದೆ. ಖಾತೆಗೆ ನೇರ ಹಾಕಿದರೆ ಯಾವ ಸದಸ್ಯರ ದುಡ್ಡು ಅಂತ ತಿಳಿಯುವುದಿಲ್ಲ, ಸಹಿ ಹಾಕಿದ ನಮೂನೆಯ ಜೊತೆಗೇ ಚೆಕ್ಕೋ ಡಿಡಿಯೋ ಬರಬೇಕು ಅಂತ ಕಚೇರಿಯವರು ಹಟ ಹಿಡಿದಿದ್ದಾರೆ. ನಮೂನೆಯ ಮೂಲಪ್ರತಿಯೇ ಬೇಕಂತೆ. ಹಾಗಾಗಿ ಅಂಚೆ ತಪ್ಪಿದ್ದಲ್ಲ.

ಇಲ್ಲಿನ ಬ್ಯಾಂಕಿನ ಡಾಲರ್ ಚೆಕ್ ಬರೆಯಲೇ? ಪೋಸ್ಟಾಫೀಸಿನ ಮನಿ ಆರ್ಡರ್ ತಗೊಳ್ಳಲೇ? ಊರಿನಲ್ಲಿ ಎನ್‌ಆರ್‌ಇ ಖಾತೆ (ವಿದೇಶದ ಗಳಿಕೆಯನ್ನು ರೂಪಾಯಿಯಲ್ಲಿ ಇಡುವ ಅನಿವಾಸಿ ಖಾತೆ) ಇದೆ, ಚೆಕ್ ಪುಸ್ತಕ ಇಲ್ಲೇ ನನ್ನ ಹತ್ತಿರ ಇದೆ, ಆದರೆ ಅದನ್ನು ಮುಟ್ಟಿ ಆರೇಳು ವರ್ಷವಾಯಿತು. "ಪುಸ್ತಕದ ಹಾಳೆಗಳ ನಡುವೆ ಡಾಲರ್ ನೋಟು ಇಟ್ಟು ಕಳಿಸು, ಯಾರಿಗೂ ಗೊತ್ತಾಗಲ್ಲ" ಅನ್ನುವ ಸಲಹೆಯೂ ಬಂದಿದೆ. ನನ್ನ ಪಾಸ್‌ಪೋರ್ಟ್ ಭಾರತದ್ದೇ.

ಲೆಕ್ಕದ_ಪುಸ್ತಕ:

ಮೊದಲು ಆ ನೋಟಿನ ಸಲಹೆಯನ್ನು ಕಸದಬುಟ್ಟಿಗೆ ಹಾಕಿ. ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಅಡಿಯ ಕರೆನ್ಸಿ ನಿಯಮದ ಪ್ರಕಾರ ವಿದೇಶಿ ವಿನಿಮಯವನ್ನು ಭಾರತಕ್ಕೆ ಎಷ್ಟು ಬೇಕಾದರೂ 'ಕಳಿಸಬಹುದು', ಆದರೆ ಕರೆನ್ಸಿ ನೋಟು ಮತ್ತು ಟ್ರಾವೆಲರ್ಸ್ ಚೆಕ್ ರೂಪದಲ್ಲಿ ಅಲ್ಲ. ನೋಟನ್ನು ಪ್ರಯಾಣಿಕರು ಕೈಯಲ್ಲಿ ತರಬಹುದು, ಲಕೋಟೆಯಲ್ಲಿ ಬರುವಂತಿಲ್ಲ. ಅಂತರರಾಷ್ಟ್ರೀಯ ಅಂಚೆ ಒಪ್ಪಂದದಲ್ಲೂ ವಿಮೆ ಇಲ್ಲದ ಲಕೋಟೆಯಲ್ಲಿ ನೋಟು, ನಾಣ್ಯ, ಬೇರರ್ ಪತ್ರ (ಕೈಯಲ್ಲಿದ್ದವರಿಗೇ ಹಣ ಸಿಗುವ ಕಾಗದ) ಇಡುವುದು ನಿಷಿದ್ಧ. ನಿಮ್ಮದು ಸೈಟಿನ ವ್ಯವಹಾರವಾದ್ದರಿಂದ ಮೂರನೇ ಬೀಗವೂ ಇದೆ: ಅನಿವಾಸಿಗಳು ಸ್ಥಿರಾಸ್ತಿಗೆ ವಿದೇಶಿ ನೋಟಿನಲ್ಲಾಗಲಿ ಟ್ರಾವೆಲರ್ಸ್ ಚೆಕ್ಕಿನಲ್ಲಾಗಲಿ ಹಣ ಕೊಡುವಂತಿಲ್ಲ. ಬ್ಯಾಂಕಿನ ಮೂಲಕ ಬಂದ ಹಣ, ಇಲ್ಲವೇ ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಸಿಎನ್‌ಆರ್ ಅನ್ನುವ ಅನಿವಾಸಿ ಖಾತೆಗಳ ಹಣವೇ ಆಗಬೇಕು.

ಡಾಲರ್ ಚೆಕ್ ಕಾನೂನಿಗೆ ಅಡ್ಡಿಯಿಲ್ಲ, ಕೆಲಸಕ್ಕೆ ಬಾರದು. ಅದು ಭಾರತದ ಕ್ಲಿಯರಿಂಗಿಗೆ (ಬ್ಯಾಂಕುಗಳು ತಮ್ಮಲ್ಲಿ ಚೆಕ್ ಚುಕ್ತಾ ಮಾಡಿಕೊಳ್ಳುವ ವ್ಯವಸ್ಥೆ) ಹೋಗುವುದೇ ಇಲ್ಲ. ಸಂಘದ ಬ್ಯಾಂಕು ಅದನ್ನು 'ಕಲೆಕ್ಷನ್'ಗೆ ಮತ್ತೆ ಅಮೆರಿಕಕ್ಕೆ ಕಳಿಸಬೇಕು. ವಾರಗಟ್ಟಲೆ ಕಾಯಬೇಕು, ಎರಡೂ ಕಡೆ ಶುಲ್ಕ ಕತ್ತರಿಸುತ್ತಾರೆ, ಕೊನೆಗೆ ಕೈಗೆ ಬರುವ ರೂಪಾಯಿ ಎಷ್ಟೆಂದು ಮುಂಚೆ ಹೇಳಲಾಗದು. ಕಂತು 3,60,000 ಇದ್ದು 3,57,000 ಚಿಲ್ಲರೆ ಜಮೆಯಾದರೆ ಸಂಘದ ದಾಖಲೆಯಲ್ಲಿ ಅದು ಬಾಕಿಯೇ. ಸಂಘದ ಖಾತೆ ಸಣ್ಣ ಸಹಕಾರಿ ಬ್ಯಾಂಕಿನಲ್ಲಿದ್ದರೆ ಕೌಂಟರಿನಲ್ಲೇ ಬೇಡ ಅಂದಾರು.

ಮನಿ ಆರ್ಡರ್ ದಾರಿ ಮುಚ್ಚಿದೆ. ಅಮೆರಿಕದ ಅಂಚೆ ಇಲಾಖೆ ವಿದೇಶಕ್ಕೆ ಕಳಿಸುವ ಮನಿ ಆರ್ಡರ್ ಮಾರಾಟವನ್ನು 2024ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಈಗ ಸಿಗುವ ಒಳನಾಡಿನ ಮನಿ ಆರ್ಡರ್ 1,000 ಡಾಲರಿಗೆ ಸೀಮಿತ, ಅಲ್ಲಿ ಮಾತ್ರ ನಗದಾಗುತ್ತದೆ.

ಉಳಿದದ್ದು ಎನ್‌ಆರ್‌ಇ ಖಾತೆಯ ರೂಪಾಯಿ ಚೆಕ್. ಅದೇ ಸರಿ. ಆದರೆ ಆ ಪುಸ್ತಕವನ್ನು ಈಗಲೇ ತೆಗೆದು ಮೇಲಿನ ಹೆಸರು ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು (2017ರಲ್ಲಿ ವಿಲೀನ), ವಿಜಯ ಬ್ಯಾಂಕ್ (2019), ಸಿಂಡಿಕೇಟ್, ಕಾರ್ಪೊರೇಷನ್ (ಎರಡೂ 2020), ಈ ನಾಲ್ಕರಲ್ಲಿ ಯಾವುದಾದರೂ ಇದ್ದರೆ ಅದು ನೆನಪಿಗೆ ಇಟ್ಟುಕೊಳ್ಳುವ ವಸ್ತು ಅಷ್ಟೇ. ಹೊಸ ಬ್ಯಾಂಕಿನ ಹೆಸರಿನ ಪುಸ್ತಕ ತರಿಸಿಕೊಳ್ಳಬೇಕು, ಅದು ಸಮುದ್ರ ದಾಟಿ ಬರಲು ಸಮಯ ಬೇಕು. ಏಳು ವಾರದಲ್ಲಿ ಮೊದಲು ಕರಗುವುದು ಇದೇ.

ಇನ್ನೊಂದು: ನೀವಾಗಿ ಮಾಡಿದ ಜಮೆ, ಖರ್ಚು ಎರಡು ವರ್ಷ ಇಲ್ಲದಿದ್ದರೆ ಖಾತೆ 'ಇನಾಪರೇಟಿವ್' (ನಿಷ್ಕ್ರಿಯ) ಆಗುತ್ತದೆ. ಬ್ಯಾಂಕು ಹಾಕುವ ಬಡ್ಡಿ ಲೆಕ್ಕಕ್ಕೆ ಬಾರದು. ಕೆವೈಸಿ (ಗುರುತು, ವಿಳಾಸದ ದಾಖಲೆ ಕೊಡುವುದು) ಮುಗಿಸಿ, ಒಂದು ಸಣ್ಣ ವರ್ಗಾವಣೆ ಮಾಡಿ ನೋಡಿ, ಆಮೇಲೆ ಚೆಕ್ಕಿಗೆ ಪೆನ್ನು ತಾಗಿಸಿ.

ಕ್ಲಿಯರಿಂಗ್_ಮೇಜು:

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತ. ಅಂಚೆಯಲ್ಲಿ ಕಳೆದುಹೋಗುವ ಚೆಕ್ಕಿಗಿಂತ, ಸುರಕ್ಷಿತವಾಗಿ ತಲುಪಿ ಬರೆದ ತಪ್ಪಿಗೆ ವಾಪಸಾಗುವ ಚೆಕ್ಕೇ ಜಾಸ್ತಿ ತೊಂದರೆ ಕೊಡುತ್ತದೆ. ಹೊರದೇಶದಲ್ಲಿ ಕೂತು ಬರೆಯುವವರು ಎಡವುವ ಕಡೆ ಇವು.

ತಾರೀಖು. ನಮ್ಮ ಚೆಕ್ಕಿನ ಬಲಮೂಲೆಯಲ್ಲಿ ಎಂಟು ಚೌಕ ಇವೆ: ದಿನ, ತಿಂಗಳು, ವರ್ಷ. ಅಮೆರಿಕದಲ್ಲಿ ತಿಂಗಳು ಮೊದಲು. 2026ರ ಮಾರ್ಚ್ 8 ಅಂದುಕೊಂಡು ಕೈ ಅಭ್ಯಾಸದಲ್ಲಿ 03082026 ಅಂತ ತುಂಬಿದರೆ ಅದು ಆಗಸ್ಟ್ 3, ಅಂದರೆ ಮುಂದಿನ ತಾರೀಖಿನ ಚೆಕ್. ಜೂನ್ 1ಕ್ಕೆ 06012026 ಬರೆದರೆ ಅದು ಜನವರಿ 6, ಬರೆದ ದಿನವೇ ಅವಧಿ ಮುಗಿದಿದೆ. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಅಮೆರಿಕದ ಆರು ತಿಂಗಳ ಲೆಕ್ಕ ಇಲ್ಲಿ ನಡೆಯದು. ಲಕೋಟೆ ಹೊರಡುವ ದಿನದ ತಾರೀಖೇ ಹಾಕಿ, ತಿಂಗಳ ಹಿಂದೆ ಬರೆದಿಟ್ಟದ್ದನ್ನು ಕಳಿಸಬೇಡಿ.

ಮೊತ್ತ. 360,000 ಅಲ್ಲ, 3,60,000. ಅಕ್ಷರದಲ್ಲಿ 'ತ್ರೀ ಹಂಡ್ರೆಡ್ ಸಿಕ್ಸ್ಟಿ ಥೌಸಂಡ್' ಬೇಡ, ಲಕ್ಷದಲ್ಲೇ ಬರೆಯಿರಿ, ಕೊನೆಗೆ 'ಓನ್ಲಿ' ಸೇರಿಸಿ ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರವೇ ಗೆಲ್ಲುತ್ತದೆ ಅಂತ ಕಾಯ್ದೆ ಹೇಳುತ್ತದೆ ನಿಜ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, ಸೆಕ್ಷನ್ 18). ಆದರೆ ಕ್ಲಿಯರಿಂಗಿನಲ್ಲಿ ಕೂತವರು ಕಾಯ್ದೆ ಬಿಡಿಸಿ ನೋಡುವುದಿಲ್ಲ, ವಾಪಸ್ ಹಾಕುತ್ತಾರೆ. ಅಂದಹಾಗೆ ಚೆಕ್ಕನ್ನು ಕನ್ನಡದಲ್ಲೂ ಬರೆಯಬಹುದು, ಬ್ಯಾಂಕು ನಿರಾಕರಿಸುವಂತಿಲ್ಲ.

ಹೆಸರು. ಸಂಘದ ಬೋರ್ಡಿನ ಹೆಸರಲ್ಲ, ಅವರ ಬ್ಯಾಂಕ್ ಖಾತೆಯ ಹೆಸರು. 'ನಿಯಮಿತ' ಇದೆಯೋ 'ಲಿಮಿಟೆಡ್' ಇದೆಯೋ ಕೇಳಿ ಹಾಗೇ ಬರೆಯಿರಿ. ಅಧ್ಯಕ್ಷರ ಹೆಸರಿಗೋ ಕಾರ್ಯದರ್ಶಿಯ ಹೆಸರಿಗೋ ಬರೆಯಿರಿ ಅಂದರೆ ಅಲ್ಲೇ ನಿಲ್ಲಿ, ಅದು ಅಂಚೆಯ ಸಮಸ್ಯೆ ಅಲ್ಲ.

ಕ್ರಾಸಿಂಗ್. ಎಡ ಮೇಲ್ಮೂಲೆಯಲ್ಲಿ ಎರಡು ಅಡ್ಡಗೆರೆ, ನಡುವೆ 'ಅಕೌಂಟ್ ಪೇಯಿ ಓನ್ಲಿ'. ಹೆಸರಿನ ಸಾಲಿನ ಕೊನೆಗೆ ಅಚ್ಚಾಗಿರುವ 'ಆರ್ ಬೇರರ್' ಹೊಡೆದುಹಾಕಿ. ಆಗ ಆ ಹೆಸರಿನ ಖಾತೆಗೆ ಬಿಟ್ಟು ಬೇರೆಲ್ಲೂ ಅದು ಜಮೆಯಾಗುವಂತಿಲ್ಲ.

ತಿದ್ದುಪಡಿ. ಸಿಟಿಎಸ್ (ಚೆಕ್ಕಿನ ಬದಲು ಅದರ ಚಿತ್ರ ಕಳಿಸುವ ವ್ಯವಸ್ಥೆ) ಬಂದ ಮೇಲೆ ಕ್ಲಿಯರಿಂಗಿಗೆ ಹೋಗುವುದು ಚೆಕ್ಕಿನ ಚಿತ್ರ. ಹೆಸರು, ಮೊತ್ತ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೇ ಪದ್ಧತಿ ಸತ್ತಿದೆ. ತಪ್ಪಾದರೆ ಆ ಹಾಳೆ ರದ್ದು, ಇನ್ನೊಂದು ಹಾಳೆ. ಕೆಳಗಿನ ಬಿಳಿಪಟ್ಟಿಯಲ್ಲಿ ಎಂಐಸಿಆರ್ ಅಂಕಿಗಳಿವೆ, ಅಂದರೆ ಯಂತ್ರ ಓದುವ ಅಂಕಿಗಳು. ಸಹಿಯ ಬಾಲ ಅಲ್ಲಿಗೆ ಇಳಿಯಬಾರದು, ಪಿನ್ನು ಹೊಡೆಯಬಾರದು, ಮಡಿಕೆ ಬೀಳಬಾರದು.

ಪಾಸಿಟಿವ್ ಪೇ. 50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕಿಗೆ 2021ರ ಜನವರಿಯಿಂದ ಈ ಸೌಲಭ್ಯ ಇದೆ. ನೆಟ್‌ಬ್ಯಾಂಕಿಂಗ್‌ನಲ್ಲಿ ಚೆಕ್ ಸಂಖ್ಯೆ, ತಾರೀಖು, ಮೊತ್ತ, ಪಡೆಯುವವರ ಹೆಸರು ಮುಂಚೆಯೇ ತುಂಬಬೇಕು. ದಾರಿಯಲ್ಲಿ ಯಾರಾದರೂ ಚೆಕ್ ತಿದ್ದಿದರೆ ಇಲ್ಲೇ ಸಿಕ್ಕಿಬೀಳುತ್ತದೆ. ಲಕೋಟೆ ಅಂಟಿಸುವ ಮೊದಲೇ ಮಾಡಿ. ಅಂಚೆಗೆ ಹಾಕಿದ ಮೇಲೆ 'ಹೆಸರಿನ ಸ್ಪೆಲಿಂಗ್ ಏನು ಬರೆದೆ' ಅಂತ ನೆನಪಾಗುವುದಿಲ್ಲ.

ಟೆಕ್ಸಾಸ್_ಬಿಸಿಲು:

ಪುಸ್ತಕ ತೆಗೆದು ನೋಡಿದೆ, ಸಿಂಡಿಕೇಟ್ ಅಂತಲೇ ಇದೆ! ಖಾತೆ ಮಾತ್ರ ಚಾಲ್ತಿಯಲ್ಲಿದೆ, ನೆಟ್‌ಬ್ಯಾಂಕಿಂಗ್ ನಡೆಯುತ್ತಿದೆ. ಹೊಸ ಚೆಕ್ ಪುಸ್ತಕಕ್ಕೆ ಕೇಳಿದ್ದೇನೆ. ಇದಕ್ಕಿಂತ ನೆಟ್‌ಬ್ಯಾಂಕಿಂಗ್‌ನಲ್ಲೇ ಡಿಡಿ ಮಾಡಿಸುವುದು ಮೇಲಲ್ಲವೇ? ಮತ್ತೆ ಲಕೋಟೆಗೆ ರಿಜಿಸ್ಟರ್ಡ್ ಸಾಕೇ, ಕೊರಿಯರ್ ಬೇಕೇ?

ಲೆಕ್ಕದ_ಪುಸ್ತಕ:

ನಿಮ್ಮ ಬ್ಯಾಂಕು ಡಿಡಿಯನ್ನು ಮೈಸೂರಿನ ಶಾಖೆಯಿಂದಲೇ ಕೊಡುವುದಾದರೆ, ಅದನ್ನು ಸಂಘಕ್ಕೆ ಮುಟ್ಟಿಸಲು ಊರಿನಲ್ಲಿ ಜನ ಇದ್ದರೆ, ಡಿಡಿಯೇ ಚೆಂದ. ಹಣದ ಕಾಗದ ಸಮುದ್ರ ದಾಟುವುದೇ ಇಲ್ಲ, ನಮೂನೆ ಮಾತ್ರ ಅಂಚೆಯಲ್ಲಿ ಬರಲಿ. 2018ರ ಸೆಪ್ಟೆಂಬರ್ ನಂತರ ಡಿಡಿಯ ಮುಖದ ಮೇಲೆ ಮಾಡಿಸಿದವರ ಹೆಸರೂ ಅಚ್ಚಾಗುತ್ತದೆ, ಯಾರ ದುಡ್ಡು ಅನ್ನುವ ಅವರ ಪ್ರಶ್ನೆಗೆ ಉತ್ತರವೂ ಆಯಿತು.

ಅದೇ ಡಿಡಿಯನ್ನು ನೀವು ಅಲ್ಲಿಗೆ ತರಿಸಿಕೊಂಡು ಮತ್ತೆ ಇಲ್ಲಿಗೆ ಕಳಿಸುವುದು ಮಾತ್ರ ಬೇಡ. ಡಿಡಿ ಮಾಡಿಸಿದ ಕ್ಷಣ ಹಣ ಖಾತೆಯಿಂದ ಹೋಗಿರುತ್ತದೆ. ಕಳೆದರೆ ನಕಲು ಡಿಡಿಗೆ ಅರ್ಜಿ, ಇಂಡೆಮ್ನಿಟಿ ಬಾಂಡ್ (ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ) ಅಂತ ಸುತ್ತಬೇಕು. ಚೆಕ್ ಕಳೆದರೆ ಹಣ ಖಾತೆಯಲ್ಲೇ ಇರುತ್ತದೆ, ಆ ಚೆಕ್ಕಿಗೆ ಹಣ ಕೊಡಬೇಡಿ ಅಂತ ಬ್ಯಾಂಕಿಗೆ 'ಸ್ಟಾಪ್ ಪೇಮೆಂಟ್' ಕೊಟ್ಟರಾಯಿತು.

ಅಂಚೆಪೆಟ್ಟಿಗೆ:

ಲಕೋಟೆಯ ಮಾತು ನನಗೆ ಬಿಡಿ.

ಸಾದಾ ಗ್ಲೋಬಲ್ ಸ್ಟಾಂಪಿನ ಪತ್ರಕ್ಕೆ ಟ್ರ್ಯಾಕಿಂಗ್ ಇಲ್ಲ, ಬೇಡವೇ ಬೇಡ. ರಿಜಿಸ್ಟರ್ಡ್ ಮಾಡಿದರೆ ಆರ್ ಅಕ್ಷರದಿಂದ ಶುರುವಾಗಿ ಯುಎಸ್ ಅಂತ ಮುಗಿಯುವ 13 ಅಕ್ಷರ-ಅಂಕಿಗಳ ಸಂಖ್ಯೆ ಸಿಗುತ್ತದೆ. ಭಾರತ ತಲುಪಿದ ಮೇಲೆ ಅದೇ ಸಂಖ್ಯೆಯನ್ನು ಇಂಡಿಯಾ ಪೋಸ್ಟ್ ತಾಣದಲ್ಲಿ ಹಾಕಿ ನೋಡಬಹುದು. ನಡುವೆ ಹಲವು ದಿನ ಏನೂ ತೋರಿಸದೆ ಇರುತ್ತದೆ, ಗಾಬರಿ ಬೇಡ. ನಾಲ್ಕು ವಾರ ಇಟ್ಟುಕೊಳ್ಳಿ. ನಿಮಗೆ ಹೊಸ ಚೆಕ್ ಪುಸ್ತಕಕ್ಕೇ ಮೂರು ವಾರ ಹೋದರೆ ಲೆಕ್ಕ ಕೂಡುವುದಿಲ್ಲ. ಆಗ ಅಮೆರಿಕ ಅಂಚೆಯ ವೇಗದ ಸೇವೆಯಾದ ಪ್ರಯಾರಿಟಿ ಮೇಲ್ ಎಕ್ಸ್‌ಪ್ರೆಸ್ ಇಂಟರ್‌ನ್ಯಾಷನಲ್ ಇಲ್ಲವೇ ಖಾಸಗಿ ಕೊರಿಯರ್. ದುಬಾರಿ ಹೌದು, ಆದರೆ ಕಂತಿನ ದಂಡಕ್ಕಿಂತ ಅಗ್ಗ. ಕೊರಿಯರಿನವರೂ ನಗದು ಒಯ್ಯುವುದಿಲ್ಲ. 'ದಾಖಲೆಪತ್ರ' ಅಂತ ಬರೆಸಿ. ಚೆಕ್ ಕಳೆದರೆ ಅಂಚೆಯಾಗಲಿ ಕೊರಿಯರಾಗಲಿ 3,60,000 ತುಂಬಿಕೊಡುವುದಿಲ್ಲ, ವಿಮೆ ಇದ್ದರೂ ಅದು ಕಾಗದಕ್ಕೇ ಹೊರತು ಚೆಕ್ಕಿನ ಮೊತ್ತಕ್ಕಲ್ಲ.

ರಿಜಿಸ್ಟರ್ಡ್ ಲಕೋಟೆಯನ್ನು ಕೌಂಟರಿನಲ್ಲೇ ಕೊಡಬೇಕು, ಬೀದಿಯ ನೀಲಿ ಡಬ್ಬಿಗೆ ಹಾಕುವಂತಿಲ್ಲ. ಅದೇ ಒಳ್ಳೆಯದು, ಅಮೆರಿಕದಲ್ಲಿ ಚೆಕ್ ಕಳ್ಳತನ ನಡೆಯುವುದೇ ಆ ಡಬ್ಬಿಗಳಿಂದ ಮತ್ತು ಮನೆ ಮುಂದಿನ ಪೆಟ್ಟಿಗೆಗಳಿಂದ. ಕದ್ದವರು ಅಸಿಟೋನಿನಂಥ ದ್ರಾವಣದಲ್ಲಿ ಅದ್ದಿ ಬಾಲ್‌ಪೆನ್ ಶಾಯಿ ತೊಳೆದು ಹೆಸರು, ಮೊತ್ತ ಬದಲಿಸುತ್ತಾರೆ. ಪಿಗ್ಮೆಂಟ್ (ಬಣ್ಣದ ಕಣ) ಇರುವ ಕಪ್ಪು ಜೆಲ್ ಪೆನ್ನಿನ ಶಾಯಿ ಕಾಗದದ ನಾರಿಗೆ ಇಳಿಯುತ್ತದೆ, ಸುಲಭಕ್ಕೆ ಬಿಡದು. ಹಳೇ ಕಾಲದ ಫೌಂಟನ್ ಪೆನ್ನೂ ಬೇಡ, ತೇವ ತಗುಲಿದರೆ ಕದಡುತ್ತದೆ.

ಅಂಟಿಸುವಾಗ ಹೊಳೆಯುವ ಪ್ಲಾಸ್ಟಿಕ್ ಟೇಪ್ ಸುತ್ತಬೇಡಿ. ರಿಜಿಸ್ಟರ್ಡ್ ಲಕೋಟೆಯ ಅಂಟಿನ ಸಂದಿಗೆ ಅಡ್ಡಲಾಗಿ ಮುದ್ರೆ ಒತ್ತುತ್ತಾರೆ, ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲದು, ಕೌಂಟರಿನಲ್ಲೇ ವಾಪಸ್ ಕೊಡುತ್ತಾರೆ. ಕಂದು ಕಾಗದದ ಟೇಪ್ ನಡೆಯುತ್ತದೆ. ಚೆಕ್ ಮಡಿಸದಷ್ಟು ಉದ್ದದ ಲಕೋಟೆ ತಗೊಂಡು, ನಮೂನೆಯ ಹಾಳೆಗಳ ನಡುವೆ ಚೆಕ್ ಇಟ್ಟು, ಬೆಳಕಿಗೆ ಹಿಡಿದು ನೋಡಿ. ಒಳಗಿನದು ಕಾಣಿಸಿದರೆ ಇನ್ನೊಂದು ದಪ್ಪ ಹಾಳೆ ಸುತ್ತಿ. ಹೊರಗೆ 'ಚೆಕ್ ಇದೆ' ಅಂತ ಬರೆಯುವುದು ಕಳ್ಳರಿಗೆ ಬರೆದ ಆಮಂತ್ರಣ.

ವಿಳಾಸದಲ್ಲಿ ಕಾರ್ಯದರ್ಶಿಯ ಹೆಸರು ಬೇಡ, 'ಕಾರ್ಯದರ್ಶಿಗಳು' ಅಂತ ಹುದ್ದೆ ಸಾಕು. ಅವರು ರಜೆಯಲ್ಲಿದ್ದರೂ ಕಚೇರಿಯವರು ಸಹಿ ಹಾಕಿ ತಗೊಳ್ಳಬಹುದು. ಪಿನ್‌ಕೋಡ್, ಕಚೇರಿಯ ಮೊಬೈಲ್ ಸಂಖ್ಯೆ ಬರೆಯಿರಿ. ದಸರಾ ರಜೆಯಲ್ಲಿ ಕಚೇರಿಗೆ ಬೀಗ ಬಿದ್ದಿರುವಾಗ ತಲುಪಿದರೆ ಲಕೋಟೆ ಕೆಲವು ದಿನ ಅಂಚೆ ಕಚೇರಿಯಲ್ಲಿ ಕೂತು ವಾಪಸ್ ಹೊರಡುತ್ತದೆ. ಅವರ ರಜೆಯ ದಿನ ಕೇಳಿಕೊಂಡು ಕಳಿಸಿ.

ಟೆಕ್ಸಾಸ್_ಬಿಸಿಲು:

ತುಂಬಾ ಉಪಕಾರವಾಯಿತು. ಎರಡೇ ಪ್ರಶ್ನೆ: ಕಳಿಸಿದ ಮೇಲೆ ಚೆಕ್ಕಿನ ಫೋಟೊ ಕಚೇರಿಗೆ ವಾಟ್ಸಾಪ್ ಮಾಡಲೇ? ಮತ್ತೆ ಲಕೋಟೆ ತಲುಪದಿದ್ದರೆ ಯಾವಾಗ ಸ್ಟಾಪ್ ಕೊಡಬೇಕು?

ಕ್ಲಿಯರಿಂಗ್_ಮೇಜು:

ಪೂರ್ತಿ ಫೋಟೊ ಬೇಡ, ಅದರಲ್ಲಿ ಖಾತೆ ಸಂಖ್ಯೆ, ಸಹಿ, ಎಂಐಸಿಆರ್ ಮೂರೂ ಇವೆ. ಸಹಿಯನ್ನೂ ಕೆಳಪಟ್ಟಿಯನ್ನೂ ಮುಚ್ಚಿ ತೆಗೆದ ಫೋಟೊ ಕಳಿಸಿ, ಪೂರ್ತಿಯದು ನಿಮ್ಮ ಹತ್ತಿರ ಇರಲಿ. ಅವರಿಗೆ ಬೇಕಾದದ್ದು ಚೆಕ್ ಸಂಖ್ಯೆ, ತಾರೀಖು, ಮೊತ್ತ, ನಿಮ್ಮ ಸದಸ್ಯತ್ವ ಸಂಖ್ಯೆ, ಲಕೋಟೆಯ ಟ್ರ್ಯಾಕಿಂಗ್ ಸಂಖ್ಯೆ. ಇವನ್ನು ಇಮೇಲ್ ಮಾಡಿ.

ಸ್ಟಾಪ್ ಕೊಡುವ ಮೊದಲು ಟ್ರ್ಯಾಕಿಂಗ್ ನೋಡಿ, ಕಚೇರಿಗೆ ಫೋನ್ ಮಾಡಿ, 'ನಮಗೆ ತಲುಪಿಲ್ಲ' ಅಂತ ಇಮೇಲಿನಲ್ಲಿ ಬರೆಸಿಕೊಳ್ಳಿ. ಅವರ ಕೈ ಸೇರಿದ ಚೆಕ್ಕಿಗೆ ಸ್ಟಾಪ್ ಕೊಟ್ಟು ಅದು ವಾಪಸಾದರೆ ಸೆಕ್ಷನ್ 138ರ (ಚೆಕ್ ಬೌನ್ಸ್ ಅಪರಾಧದ) ನೋಟಿಸ್ ಬರಬಹುದು, ಖಾತೆಯಲ್ಲಿ ಹಣ ಇತ್ತು ಅಂತ ಆಮೇಲೆ ನೀವೇ ಸಾಬೀತು ಮಾಡುತ್ತಾ ಕೂರಬೇಕು. ಬದಲಿ ಚೆಕ್ಕಿನ ಜೊತೆಗಿನ ಪತ್ರದಲ್ಲಿ ಹಳೇ ಚೆಕ್ಕಿನ ಸಂಖ್ಯೆ ಬರೆದು 'ಇದು ರದ್ದಾಗಿದೆ, ಸಿಕ್ಕಿದರೆ ಹಾಕಬೇಡಿ' ಅನ್ನಿ.

ಲೆಕ್ಕದ_ಪುಸ್ತಕ:

ರಸೀದಿ ಬರೆಸುವಾಗ 'ಚೆಕ್ ಮೂಲಕ' ಅಂತ ಮಾತ್ರ ಇದ್ದರೆ ಒಪ್ಪಬೇಡಿ. ಚೆಕ್ ಸಂಖ್ಯೆ, ಬ್ಯಾಂಕು, 'ಎನ್‌ಆರ್‌ಇ ಖಾತೆಯಿಂದ' ಅನ್ನುವ ಮೂರೂ ಇರಲಿ. ನಾಳೆ ಸೈಟು ಮಾರಿ ಹಣ ಹೊರಗೆ ಒಯ್ಯುವಾಗ, ಕೊಂಡದ್ದು ಯಾವ ಖಾತೆಯ ಹಣದಿಂದ ಅಂತ ಬ್ಯಾಂಕು ಕೇಳುತ್ತದೆ. ಖಾತೆಯಿಂದ ಹಣ ಕಡಿತವಾದ ದಿನದ ಸ್ಟೇಟ್‌ಮೆಂಟ್ ಪುಟವನ್ನು ರಸೀದಿಯ ಜೊತೆಗೇ ಇಟ್ಟುಕೊಳ್ಳಿ.