ರಿಡಿಕ್ಯೂಲ್ ಅಂದ್ರೆ ತಮಾಷೆನಾ, ಗೇಲಿನಾ, ಹೀಯಾಳಿಸೋದಾ?

ನಾಲೆಬದಿ ಹುಡುಗ (ಮಂಡ್ಯ):
ನಮಸ್ಕಾರ. ಎಕ್ಸಾಮ್‌ಗೆ ಟ್ರಾನ್ಸ್‌ಲೇಷನ್ ಪ್ರಾಕ್ಟೀಸ್ ಮಾಡ್ತಿದೀನಿ, ಊರೋರು ಒಬ್ಬನ ಐಡಿಯಾನ ರಿಡಿಕ್ಯೂಲ್ ಮಾಡಿದ್ರು ಅಂತ ಇಂಗ್ಲಿಷ್ ವಾಕ್ಯ ಇತ್ತು, ನಾನು 'ತಮಾಷೆ ಮಾಡಿದರು' ಅಂತ ಬರೆದೆ, ಸರ್ ಅದನ್ನ ಹೊಡೆದಾಕಿ 'ಹೀಯಾಳಿಸಿದರು' ಅಂತ ಕೆಂಪು ಇಂಕಲ್ಲಿ ಬರೆದ್ರು. ಡಿಕ್ಷನರಿ ತೆಗೆದ್ರೆ ಅಪಹಾಸ್ಯ, ಗೇಲಿ, ಲೇವಡಿ, ಅಣಕ ಎಲ್ಲಾ ಒಂದೇ ಸಾಲಲ್ಲಿ ಕೂತವೆ. ಯಾವ್ದು ಹಾಕ್ಬೇಕು?

ಕಬ್ಬಿನಗದ್ದೆ:
ನಮ್ ಕಡೆ ಇದ್ಕೆ ಒಂದೇ ಪದ ಕಣಪ್ಪ, ಆಡ್ಕೊಳ್ಳದು. ನಮ್ಮಪ್ಪ ಕಬ್ಬು ಬುಟ್ಟು ಅರ್ಧ ಎಕರೆಗೆ ಡ್ರ್ಯಾಗನ್ ಫ್ರೂಟ್ ಹಾಕ್ದಾಗ ಟೀ ಅಂಗ್ಡಿಲಿ ದಿನಾ 'ಬಂದ್ರು ನೋಡ್ರಪ್ಪ ಪಾಪಾಸುಕಳ್ಳಿ ಗೌಡ್ರು' ಅಂತ ನಗೋರು. ಯಾರೂ ಬೈಲಿಲ್ಲ, ಜಗಳಕ್ಕೂ ಬರ್ಲಿಲ್ಲ, ಬರೀ ನಗೋರು, ಅಪ್ಪ ಆ ಅಂಗ್ಡಿಗೆ ಹೋಗದೇ ಬುಟ್ರು. ಅದೇ ರಿಡಿಕ್ಯೂಲು. (ಅದು ಕಳ್ಳಿ ಜಾತಿ ಅನ್ನೋದೂ ನಿಜವೇ, ಅದ್ ಬ್ಯಾರೆ ಮಾತು.)

ಕುಕ್ಕರಹಳ್ಳಿ ವಾಕರ್ (ಮೈಸೂರು):
ಮೇಲಿನವರು ಸರಿಯಾಗಿ ಹಿಡಿದಿದ್ದಾರೆ, ನಗು ಇರಲೇಬೇಕು. ರಿಡಿಕ್ಯೂಲ್ ಪದದ ಮೂಲವೇ ನಗು, ಲ್ಯಾಟಿನ್‌ನಲ್ಲಿ ರಿಡೇರೆ ಅಂದ್ರೆ ನಗೋದು. ಹೀಯಾಳಿಸೋದ್ರಲ್ಲಿ ನಗು ಇಲ್ದೇನೂ ಇರಬಹುದು, ಮುಖ ಗಂಟು ಹಾಕ್ಕೊಂಡೂ ಹೀಯಾಳಿಸಬಹುದಲ್ವಾ. ಮೂದಲಿಸೋದು ಇನ್ನೊಂದು, ಅದು ಕೆಣಕಿ ಎಬ್ಬಿಸೋಕೆ, ರನ್ನನ ಗದಾಯುದ್ಧದಲ್ಲಿ ಕೊಳದಲ್ಲಿ ಅವಿತಿದ್ದ ದುರ್ಯೋಧನನ್ನ ಭೀಮ ಹೊರಗೆ ಬರ್ಸಿದ್ದು ಹಾಗೇ. ಹಂಗಿಸೋದು ಅಂದ್ರೆ ಮಾಡಿದ ಉಪಕಾರ ಎತ್ತಿ ಆಡೋದು, ಅದನ್ನಂತೂ ಇಲ್ಲಿಗೆ ತರಲೇಬೇಡಿ. ನಿಮ್ಮ ವಾಕ್ಯಕ್ಕೆ 'ಗೇಲಿ ಮಾಡಿದರು', ಬರವಣಿಗೆ ಗಂಭೀರವಾಗಿದ್ರೆ 'ಅಪಹಾಸ್ಯ ಮಾಡಿದರು'. ಅಂದಹಾಗೆ ನಾಟ್ಯಶಾಸ್ತ್ರದಲ್ಲಿ ನಗು 6 ಬಗೆ, ಅದ್ರಲ್ಲಿ ಅಪಹಸಿತ ಅಂದ್ರೆ ಹೊತ್ತುಗೊತ್ತಿಲ್ದೆ ಕಣ್ಣಲ್ಲಿ ನೀರು ಬರೋ ಹಾಗೆ ಹೆಗಲು ತಲೆ ಕುಣಿಸ್ಕೊಂಡು ನಗೋದು, ಅಧಮ ಪಾತ್ರಗಳಿಗೆ ಇಟ್ಟಿದ್ದು. ನಮ್ಮ ವಾಕಿಂಗ್ ಗುಂಪು ದಿನಾ ಹಂಗೇ ನಗೋದು, ಏನ್ಮಾಡೋಣ.

ಸೋಬಾನೆ ಸುಬ್ಬಿ:
ಮೇಷ್ಟ್ರೇ ಹಂಗಾದ್ರೆ ಬೀಗ್ರ ಹಾಡು? ಮದ್ವೆಲಿ ಬೀಗ್ತಿ ಎದುರಿಗೇ ಕೂತು ಅವಳ ಮೂಗು ಹಲ್ಲು ಉಣ್ಣೋ ಪರಿ ಎಲ್ಲಾ ಜರಿದು ಹಾಡ್ತೀವಿ, ಅವ್ರ ಕಡೆಯೋರೂ ಬುಡದಿಲ್ಲ ತಿರುಗಿಸಿ ಹಾಡ್ತಾರೆ, ಆಮೇಲೆ ಒಟ್ಗೇ ಎಲೆಅಡಿಕೆ ಹಾಕ್ಕೊತೀವಿ. ಅದೂ ಗೇಲಿ ತಾನೇ? ನಮ್ಮತ್ತೆ ಅಂತೂ ಹಾಡ್ದೆ ಇದ್ರೆ ಮರ್ಯಾದೆ ಕೊಡ್ಲಿಲ್ಲ ಅಂತ ಮುನಿಸ್ಕೊಂಡಿದ್ರು!

ಕುಕ್ಕರಹಳ್ಳಿ ವಾಕರ್:
ಒಳ್ಳೆ ಕೊಕ್ಕೆ ಹಾಕಿದ್ರಿ ತಾಯಿ. ಮಾತು ಅಷ್ಟೇ ಚೂಪು, ಆದ್ರೆ ಅಲ್ಲಿ ತಿರುಗಿ ಹಾಡೋ ಹಕ್ಕಿದೆ, ಟೀ ಅಂಗಡೀಲಿ ಗೌಡ್ರಿಗೆ ಅದಿರಲಿಲ್ಲ. ಹಾಗಾಗಿ ಬೀಗರ ಹಾಡಿಗೆ ಛೇಡಿಸೋದು, ಕಿಚಾಯಿಸೋದು ಹತ್ತಿರ ಅನ್ಸುತ್ತೆ ನನಗೆ. ಇನ್ನೊಂದು ವಿಷ್ಯ, ರಿಡಿಕ್ಯುಲಸ್ ಅಂತ ಬಂದ್ರೆ ಎಲ್ಲಾ ಕಡೆ ಹಾಸ್ಯಾಸ್ಪದ ಅಂತ ಹಾಕ್ಬೇಡಿ, ಈರುಳ್ಳಿ ರೇಟು ರಿಡಿಕ್ಯುಲಸ್ ಅಂದ್ರೆ ಯಾರಿಗೂ ನಗು ಬರಲ್ಲ, 'ವಿಪರೀತ' ಸಾಕು.

ನಾಲೆಬದಿ ಹುಡುಗ:
ಥ್ಯಾಂಕ್ಸ್ ಎಲ್ರಿಗೂ. ಸರ್‌ಗೆ 'ಗೇಲಿ' ತೋರಿಸ್ದೆ, ನಡೀತದೆ ಅಂದ್ರು, ಮಾರ್ಕ್ಸ್ ಮಾತ್ರ ಕೊಡ್ಲಿಲ್ಲ. ಕಬ್ಬಿನಗದ್ದೆ ಅಣ್ಣ, ಹಣ್ಣು ಬುಡ್ತಾ?

ಕಬ್ಬಿನಗದ್ದೆ:
ಬುಡ್ತು ಕಣಪ್ಪ. ರೇಟ್ ಬರ್ನಿಲ್ಲ.