ಅಪ್‌ಡೇಟ್: ಪೊಲ್ಟ್ಸಮಾ ನೋಡಿ ಬಂದೆ
ಎಸ್ಟೋನಿಯಾದ ಪೊಲ್ಟ್ಸಮಾಕ್ಕೆ ಕಾರಿಲ್ಲದೆ ಹೋಗುವುದು ಹೇಗೆಂದು ಹೋದ ವಾರ ಕೇಳಿದ್ದೆನಲ್ಲ, ನೋಡಿ ಬಂದೆ. ಊರಿಗೆ ರೈಲಿಲ್ಲ. ಯೊಗೆವಾವರೆಗೆ ರೈಲು, ಮುಂದೆ ಬಸ್ ಎಂಬ ಸಲಹೆ ನಂಬಿದೆ. ಬಸ್ ತಪ್ಪಿ ಅರ್ಧ ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮರುದಿನ ಟಾಲಿನ್‌ನಿಂದ ಟಾರ್ಟು ಕಡೆಯ ಬಸ್ ಹತ್ತಿ ನೇರವಾಗಿ ಇಳಿದೆ. ಅದನ್ನು ಹೇಳಿದವರಿಗೆ ದೊಡ್ಡ ನಮಸ್ಕಾರ.

ಕೋಟೆಗೆ ಒಂದು ಗಂಟೆ ಸಾಕು ಎಂದಿದ್ದರು. ಸಾಲಲಿಲ್ಲ. 1941ರ ಯುದ್ಧದಲ್ಲಿ ಸುಟ್ಟು ಬೋಳಾದ ಗೋಡೆಗಳು, ಪಕ್ಕದಲ್ಲೇ ಸದ್ದಿಲ್ಲದ ಹೊಳೆ. ತೂಕಡಿಸುತ್ತಿರುವ ಈ ಊರು 1570ರ ದಶಕದಲ್ಲಿ ಮ್ಯಾಗ್ನಸ್ ಎಂಬ ಡೆನ್ಮಾರ್ಕಿನ ರಾಜಕುಮಾರನ ರಾಜಧಾನಿಯಾಗಿತ್ತಂತೆ! ಹಣ್ಣಿನ ವೈನ್‌ಗೂ ಹೆಸರುವಾಸಿ.

ಸಸ್ಯಾಹಾರದ ಚಿಂತೆಯೂ ತೀರಿತು: ರೈ ಹಿಟ್ಟಿನ ಹುಳಿಹುಳಿ ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರಿ, ನನ್ನ ಚೀಲದ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡೆ. ರಾತ್ರಿ ಹತ್ತಕ್ಕೂ ಹೊಳೆಯ ಮೇಲೆ ಬೆಳಕಿತ್ತು, ಜೂನ್ ತಿಂಗಳಲ್ಲವೇ.